ಗೋಡೆಯೊಳಗಿನ ಹಸಿರು ತಂತಿ



ಈ ಪುಟದಲ್ಲಿ ಸಾಮಾನ್ಯವಾಗಿ ಹಳೆಯ ನೆನಪುಗಳನ್ನು ಹಂಚಿಕೊಳ್ಳುತ್ತೇನೆ. ಇಂದು ಹಾಗಲ್ಲ, ಜಗಳವಾಡಲೆಂದೇ ಕುಳಿತಿದ್ದೇನೆ. ಗೋಡೆಯೊಳಗೆ ಇರಬೇಕಾಗಿದ್ದು, ಇಲ್ಲದೇ ಹೋದ ಒಂದು ಹಸಿರು ತಂತಿಯ ಕುರಿತು ಈ ಜಗಳ.

ಸಾರಥಿಯಲ್ಲಿರುವ ನನ್ನ ಅಕ್ಕನ ಮನೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕೆಲವು ವರ್ಷಗಳ ಹಿಂದೆ ಅಲ್ಲಿ ಹೊಸ ಬಚ್ಚಲುಮನೆ ಕಟ್ಟಿಸಿ ಗೀಸರ್ ಹಾಕಿಸಿದರು. ಒಂದು ಮಳೆಗಾಲದ ಬೆಳಿಗ್ಗೆ ಅಕ್ಕ ನಲ್ಲಿಯನ್ನು ಮುಟ್ಟಿದ್ದೇ ತಡ, ಯಾರೋ ಹೊಡೆದಂತೆ ಹಿಂದಕ್ಕೆ ಬಿದ್ದಳು. ಬಿದ್ದದ್ದೇ ಪುಣ್ಯ, ನಲ್ಲಿಯಿಂದ ಕೈ ಬಿಟ್ಟಿತು. ಬಲಗೈ ಮೂಳೆ ಮುರಿಯಿತು, ಜೀವ ಉಳಿಯಿತು.

ಮೇನ್ ಸ್ವಿಚ್ ತೆಗೆಸಿ, ಗೀಸರ್‌ನ ಸಾಕೆಟ್ ಬಿಚ್ಚಿಸಿ ನೋಡಿದೆ. ಮೂರು ತಂತಿಗಳಿರಬೇಕಾದಲ್ಲಿ ಎರಡೇ ಇದ್ದವು. ಅರ್ಥಿಂಗ್‌ಗೆಂದು ಇರುವ ಮೇಲಿನ ದೊಡ್ಡ ರಂಧ್ರದಿಂದ ಗೇಣುದ್ದವೂ ಇಲ್ಲದ ತಂತಿಯ ತುಂಡೊಂದು ಪಕ್ಕದ ನ್ಯೂಟ್ರಲ್‌ಗೇ ಹೋಗಿ ಸೇರಿತ್ತು. ಭೂಮಿಗೆ ಹೋಗುವ ತಂತಿಯೇ ಇರಲಿಲ್ಲ! ವೈರಿಂಗ್ ಮಾಡಿದವನನ್ನು ಕರೆಸಿದೆ. ಅವನು ಬೇರೆ ಯಾರೂ ಅಲ್ಲ, ನನ್ನ ತರಗತಿಯಲ್ಲೇ ಕುಳಿತು ವಿಜ್ಞಾನ ಕಲಿತ ಹುಡುಗ. ತಲೆ ತಗ್ಗಿಸಿ ಹೇಳಿದ: "ಖರ್ಚು ಕಮ್ಮಿ ಮಾಡು ಅಂದಿದ್ರು ಸಾರ್. ಎಲ್ಲಾ ಕಡೆ ಹಿಂಗೇ ಮಾಡೋದು. ಏನೂ ಆಗಲ್ಲ ಅಂದ್ಕೊಂಡಿದ್ದೆ."

ಈ "ಏನೂ ಆಗಲ್ಲ" ಎಂಬ ಮಾತಿನ ಮೇಲೆಯೇ ನನ್ನ ಯುದ್ಧ.

ಆ ತುಂಡು ತಂತಿ ಮಾಡುವ ಕೆಲಸವನ್ನು ಗಮನಿಸಿ. ಎಲ್ಲವೂ ಸರಿಯಿರುವವರೆಗೆ ಏನೂ ಆಗುವುದಿಲ್ಲ, ನಿಜ. ಆದರೆ ಮಳೆಗಾಳಿಗೆ ಕಂಬದಲ್ಲೋ ಮೀಟರ್ ಹಲಗೆಯಲ್ಲೋ ನ್ಯೂಟ್ರಲ್‌ನ ಜೋಡಣೆ ಕಳಚಿತೆನ್ನಿ. ಆಗ ಫೇಸ್‌ನಿಂದ ಬಂದ ವಿದ್ಯುತ್ತು ಗೀಸರ್‌ನ ಕಾಯಿಲನ್ನು ದಾಟಿ, ಮರಳುವ ದಾರಿ ಕಾಣದೆ, ಈ ತುಂಡು ತಂತಿಯ ಮೂಲಕ ಗೀಸರ್‌ನ ಲೋಹದ ಮೈಗೆ ಏರುತ್ತದೆ. ಅಲ್ಲಿಂದ ಕಬ್ಬಿಣದ ಪೈಪು, ಪೈಪಿನಿಂದ ನಲ್ಲಿ. 230 ವೋಲ್ಟ್ ಅಲ್ಲಿ ಕಾದು ಕುಳಿತಿರುತ್ತದೆ. ಪ್ರಾಣ ಉಳಿಸಬೇಕಾದ ರಂಧ್ರವೇ ಪ್ರಾಣ ತೆಗೆಯುವ ದಾರಿಯಾಗುತ್ತದೆ. ಅರ್ಥಿಂಗ್ ಇಲ್ಲವೆಂದು ಒಪ್ಪಿಕೊಂಡ ಮನೆಗಿಂತ, ಇದೆಯೆಂದು ನಟಿಸುವ ಈ ಮನೆ ಹೆಚ್ಚು ಅಪಾಯಕಾರಿ.

"ಎಂಸಿಬಿ ಇದೆಯಲ್ಲ, ತಾನೇ ಬೀಳುತ್ತದೆ" ಎನ್ನುವವರಿದ್ದಾರೆ. ಅವರಿಗಾಗಿ ಒಂದು ಸಣ್ಣ ಲೆಕ್ಕ. ಮನುಷ್ಯನ ಹೃದಯದ ಬಡಿತವನ್ನು ಕೆಡಿಸಲು ಆಂಪಿಯರ್‌ನ ಹತ್ತನೇ ಒಂದು ಭಾಗವೂ ಸಾಕು. 16 ಆಂಪಿಯರ್‌ನ ಎಂಸಿಬಿಗೆ ಅಷ್ಟು ವಿದ್ಯುತ್ತು ಲೆಕ್ಕಕ್ಕೇ ಇಲ್ಲ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ. ಅಕ್ಕನ ಮನೆಯಲ್ಲಿ ಅದೂ ಇರಲಿಲ್ಲ. ಟೈಲ್ಸ್ ಮಾತ್ರ ದಾವಣಗೆರೆಯ ಮೂರು ಅಂಗಡಿ ಸುತ್ತಿ ಆರಿಸಿ ತಂದದ್ದು!

ತಪ್ಪು ಯಾರದು? ಮೊದಲನೆಯದು ಕೆಲಸ ಮಾಡಿದವನದೇ. ಎಲ್ಲರೂ ಹಾಗೆ ಮಾಡುತ್ತಾರೆಂಬುದು ಸಮರ್ಥನೆಯಲ್ಲ. ಖರ್ಚು ಉಳಿಸೆಂದರೆ ಒಂದು ಅಲಂಕಾರದ ದೀಪ ಕಡಿಮೆ ಮಾಡಬಹುದಿತ್ತು, ಭೂಸಂಪರ್ಕದ ತಂತಿಯನ್ನಲ್ಲ. ಎರಡನೆಯ ತಪ್ಪು ಮನೆಯ ಯಜಮಾನರದು. "ಪಾಯಿಂಟಿಗೆ ಎಷ್ಟು?" ಎಂದು ಕೇಳಿ, ಯಾರು ಕಡಿಮೆ ಹೇಳಿದರೋ ಅವರಿಗೆ ಕೆಲಸ ಕೊಡುತ್ತೇವೆ. ಪಾಯಿಂಟಿನ ಹಿಂದೆ ಎಷ್ಟು ದಪ್ಪದ ತಂತಿ ಇದೆ, ಎಷ್ಟು ತಂತಿ ಇವೆ ಎಂದು ಕೇಳುವುದಿಲ್ಲ. ಮೂರನೆಯ ತಪ್ಪು ಕಾಗದದ್ದು. ಆ ಮನೆಯ ವೈರಿಂಗ್ ಸರಿಯಿದೆಯೆಂಬ ವರದಿಗೆ ಸಹಿ ಹಾಕಿದವರು ಹೊಸ್ತಿಲನ್ನೂ ತುಳಿದವರಲ್ಲ. ಲೈಸೆನ್ಸ್ ಪಡೆದ ಗುತ್ತಿಗೆದಾರರು, ಅರ್ಹರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವವರಿಂದ ಕೆಲಸ ಮಾಡಿಸಬೇಕೆಂಬುದು ಇಂದು ನಿನ್ನೆಯ ನಿಯಮವಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳಲ್ಲೂ, ಅವುಗಳ ಸ್ಥಾನಕ್ಕೆ ಬಂದ 2023ರ ನಿಯಮಗಳಲ್ಲೂ ಇದು ಇದೆ. ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಎಂದಾದರೆ ನಿಯಮಕ್ಕೆ ಬೆಲೆಯೆಲ್ಲಿ?

ನಾಲ್ಕನೆಯ ತಪ್ಪು ನನ್ನದು. ಓಮನ ನಿಯಮವನ್ನು ಆ ಹುಡುಗನಿಂದ ಹತ್ತು ಸಲ ಬರೆಯಿಸಿದೆ. ಆದರೆ ಒಂದು ದಿನವಾದರೂ ಮೂರು ಪಿನ್ನಿನ ಪ್ಲಗ್ಗನ್ನು ತರಗತಿಯಲ್ಲಿ ಬಿಚ್ಚಿ ತೋರಿಸಲಿಲ್ಲ. ಮೇಲಿನ ಪಿನ್ನು ಉದ್ದವಾಗಿರುವುದೇಕೆಂದು ಕೇಳಲಿಲ್ಲ. ಪ್ಲಗ್ ಹಾಕುವಾಗ ಭೂಸಂಪರ್ಕ ಮೊದಲು ಸೇರಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂಬ ಕಾಳಜಿ ಆ ಉದ್ದದಲ್ಲಿದೆ. ಅದು ಪರೀಕ್ಷೆಗೆ ಬರುತ್ತಿರಲಿಲ್ಲ, ನಾನೂ ಬಿಟ್ಟುಬಿಟ್ಟೆ.

ಹಿಂದಿನವರೆಲ್ಲ ಒಳ್ಳೆಯ ಕೆಲಸಗಾರರೆಂದು ಹಾಡಿ ಹೊಗಳುವವನು ನಾನಲ್ಲ. ನನ್ನ ಬಾಲ್ಯದ ಮರದ ಪಟ್ಟಿಯ ವೈರಿಂಗ್‌ನಲ್ಲಿ ಎಷ್ಟೋ ಕಡೆ ಅರ್ಥಿಂಗ್ ಇರಲೇ ಇಲ್ಲ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತುತ್ತಿದ್ದೆವು. ಆದರೆ ಆಗ ತಂತಿ ಗೋಡೆಯ ಮೇಲೆಯೇ ಓಡುತ್ತಿತ್ತು. ಪಟ್ಟಿ ಸೊಟ್ಟಗಿದ್ದರೆ, ಕ್ಲಿಪ್ಪು ಸಡಿಲವಿದ್ದರೆ ಮನೆಯವರೇ ಕಂಡು ಬೈಯುತ್ತಿದ್ದರು. ಈಗ ಎಲ್ಲವೂ ಗೋಡೆಯೊಳಗೆ. ಮೇಲೆ ಪ್ಲಾಸ್ಟರ್, ಅದರ ಮೇಲೆ ಬಣ್ಣ. ಕಾಣದ ಕೆಲಸಕ್ಕೆ ಕಾವಲು ಎರಡೇ: ಮಾಡುವವನ ಮನಸ್ಸಾಕ್ಷಿ, ಮಾಡಿಸುವವನ ಪ್ರಶ್ನೆ.

ಆದ್ದರಿಂದ ಮನೆ ಕಟ್ಟಿಸುವವರೇ, ಪ್ರಶ್ನೆ ಕೇಳಿ. ಪರ್ಮಿಟ್ ತೋರಿಸಿ ಎನ್ನಿ. ಪ್ಲಾಸ್ಟರ್ ಆಗುವ ಮೊದಲು ಪ್ರತಿ ಗೋಡೆಯ ಪೈಪಿನ ಚಿತ್ರ ತೆಗೆದಿಟ್ಟುಕೊಳ್ಳಿ. ಪ್ರತಿ ಸಾಕೆಟ್‌ಗೂ ಹಸಿರು ತಂತಿ ಬಂದಿದೆಯೇ, ಅದು ಅರ್ಥಿಂಗ್ ಗುಂಡಿಯವರೆಗೆ ತಲುಪಿದೆಯೇ ಎಂದು ನೋಡಿ. ಮೆಗ್ಗರ್ ತಂದು ಕಣ್ಣೆದುರೇ ಪರೀಕ್ಷಿಸಲು ಹೇಳಿ. ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಇಷ್ಟನ್ನು ಮಾಡಿಕೊಡುವವನು ಹೆಚ್ಚು ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ನಾಡು ನಮ್ಮದು. ಇಂದೂ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುದಾಘಾತದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಹೇಳುತ್ತವೆ. ಎಲ್ಲವೂ ಮನೆಯ ವೈರಿಂಗ್‌ನಿಂದಲ್ಲ, ಒಪ್ಪುತ್ತೇನೆ. ಆದರೆ ಅಂಥ ಪ್ರತಿ ಸಾವಿನ ಹಿಂದೆಯೂ ಯಾರೋ ಒಬ್ಬರು ಎಲ್ಲೋ "ಏನೂ ಆಗಲ್ಲ" ಎಂದಿರಬಹುದೆಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ನಮ್ಮ ಹರಿಹರಕ್ಕೆ ಇಂಥ ಮಾತು ಶೋಭಿಸದು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿನಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಅಲ್ಲಿ ದುಡಿದವರ ಬಾಯಲ್ಲಿ "ಥೌ" ಎಂಬ ಮಾತು ಸದಾ ಇರುತ್ತಿತ್ತು. ಅಂಗುಲದ ಸಾವಿರದಲ್ಲೊಂದು ಭಾಗ. ಕಣ್ಣಿಗೆ ಕಾಣದ ಅಷ್ಟು ವ್ಯತ್ಯಾಸಕ್ಕೂ ಅವರು ಲೆಕ್ಕ ಕೊಡಬೇಕಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದವು. ಆ ಲೆಕ್ಕವೂ ಅದರೊಂದಿಗೇ ಮುಚ್ಚಿಹೋಗಬೇಕೇ?

ಆ ಹುಡುಗ ಮರುದಿನವೇ ಬಂದು, ಗೋಡೆ ಒಡೆದು, ಹಸಿರು ತಂತಿ ಎಳೆದು, ಅರ್ಥಿಂಗ್ ಗುಂಡಿ ತೋಡಿ ಹೋದ. ಕೂಲಿ ಬೇಡವೆಂದ, ಒತ್ತಾಯಿಸಿ ಕೊಟ್ಟೆ. ಒಳ್ಳೆಯ ಕೆಲಸಕ್ಕೆ ಕೂಲಿ ಸಲ್ಲಬೇಕು. ಅಕ್ಕನ ಮನೆಯ ಹೊಸ ಟೈಲ್ಸಿನ ನಡುವೆ ಸಿಮೆಂಟಿನ ಒಂದು ಉದ್ದ ಗೆರೆ ಈಗಲೂ ಹಾಗೇ ಇದೆ. ನೋಡಲು ಚೆನ್ನಾಗಿಲ್ಲ, ಮುಚ್ಚಿಸು ಎಂದು ಅಕ್ಕ ಹೇಳುತ್ತಲೇ ಇರುತ್ತಾಳೆ. ನಾನು ಬೇಡವೆನ್ನುತ್ತೇನೆ.

ನಿಮ್ಮಲ್ಲಿ ವೈರಿಂಗ್ ಕೆಲಸ ಮಾಡುವವರೂ ಇದ್ದೀರಿ. ನನ್ನ ಮಾತಿನಲ್ಲಿ ತಪ್ಪಿದ್ದರೆ ತಿದ್ದಿ ಬರೆಯಿರಿ. ತಪ್ಪಿಲ್ಲವೆಂದಾದರೆ, ನಾಳೆ ಕೆಲಸಕ್ಕೆ ಹೋದಾಗ ಆ ಮೂರನೆಯ ತಂತಿಯನ್ನು ಮರೆಯಬೇಡಿ.