ಎರಡು ಗಾಳಿಗಳ ನಡುವೆ

ಕಣಕುಂಬಿಯ ಬೆಟ್ಟದಲ್ಲಿ ಹುಟ್ಟುವ ಮಲಪ್ರಭೆಗೆ ಪಡುವಣ ಕಡಲು ಬಲು ಹತ್ತಿರ. ಆದರೂ ಅವಳು ಅದಕ್ಕೆ ಬೆನ್ನು ಮಾಡಿ ಮೂಡಲಿಗೆ ಹರಿಯುತ್ತಾಳೆ. ನಮ್ಮ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಮ್ಮ ಭಾಗದ ಜನರ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ರೇಣುಕಾಸಾಗರ ತುಂಬಿದಾಗ ದಂಡೆಯಲ್ಲಿ ನಿಂತು, “ಸಮುದ್ರದ ಹಾಂಗ ಕಾಣತದ” ಎಂದು ಹಿಗ್ಗುತ್ತೇವೆ. ನಿಜವಾದ ಸಮುದ್ರವನ್ನು ಮುಂದೂಡುತ್ತೇವೆ. ನೌಕರಿ ಮುಗಿಯಲಿ, ಮಕ್ಕಳ ಮದುವೆಯಾಗಲಿ, ಮೊಣಕಾಲಿನ ನೋವು ಇಳಿಯಲಿ!

ನನ್ನ ನಿವೃತ್ತಿಯ ನಾಲ್ಕನೆಯ ವರ್ಷ ನಾವಿಬ್ಬರೂ ಘಟ್ಟವಿಳಿದು ಕಾರವಾರಕ್ಕೆ ಹೋದೆವು, ಹಾಯಿದೋಣಿಯಲ್ಲಿ ಒಂದು ದಿನ ದ್ವೀಪಗಳನ್ನು ಸುತ್ತಿಬರಲೆಂದು. ಬೆಂಗಳೂರಿನ ಮಗನಿಗೆ ಇದು ಒಪ್ಪಿಗೆಯಿರಲಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡದ್ದನ್ನು ಅವನು ಮರೆತಿರಲಿಲ್ಲ. ಜೀವರಕ್ಷಕ ಅಂಗಿ ತೊಡುತ್ತೇವೆ, ತಾಂಡೇಲ ಹೇಳಿದಂತೆ ಕೇಳುತ್ತೇವೆ ಎಂದು ಮಾತು ಕೊಟ್ಟ ಮೇಲೆಯೇ ಸುಮ್ಮನಾದನು.

ಸೂರ್ಯೋದಯಕ್ಕೆ ಮುಂಚೆ ಹೊರಟೆವು. ಅದಕ್ಕೆ ಕಾರಣವುಂಟು. ರಾತ್ರಿಯಲ್ಲಿ ನೆಲ ಕಡಲಿಗಿಂತ ಬೇಗನೆ ತಣಿಯುತ್ತದೆ. ನೆಲದ ತಂಪುಗಾಳಿ ಕಡಲಿನ ಕಡೆಗೆ ಬೀಸುತ್ತದೆ. ಹಗಲೇರಿದಂತೆ ನೆಲ ಕಾದು, ಗಾಳಿ ಕಡಲಿನಿಂದ ದಡಕ್ಕೆ ತಿರುಗುತ್ತದೆ. ಬೆಳಗಿನ ಗಾಳಿ ದೋಣಿಯನ್ನು ಹೊರಗೊಯ್ದರೆ ಮಧ್ಯಾಹ್ನದ ಗಾಳಿ ಮನೆಗೆ ಕರೆತರುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಹಾಯಿಯವರ ಲೆಕ್ಕವೆಲ್ಲ ಇದರ ಮೇಲೆಯೇ.

ಮೊದಲು ಕೂರ್ಮಗಡ. ಆಮೆಯ ಬೆನ್ನಿನಂತಹ ಆ ದ್ವೀಪದಲ್ಲಿಳಿದು ನರಸಿಂಹನಿಗೆ ಕೈಮುಗಿದೆವು. ಕಟ್ಟಿ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ತಾಂಡೇಲನಿಗೂ ಪಾಲು ಸಂದಿತು. ಅಲ್ಲಿಂದ ದೇವಗಡದ ಕಡೆಗೆ ಹೊರಟೆವು. 1864ರಲ್ಲಿ ಕಟ್ಟಿದ ದೀಪಸ್ತಂಭ ಬಿಸಿಲಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅರ್ಧ ಹಾದಿಯಲ್ಲಿ ಹಾಯಿ ಜೋತುಬಿತ್ತು. ನೆಲದ ಗಾಳಿ ನಿಂತಿತ್ತು. ಕಡಲಿನದು ಇನ್ನೂ ಎದ್ದಿರಲಿಲ್ಲ. ದೋಣಿಗೆ ಎಂಜಿನ್ನೂ ಇತ್ತು. ಹಚ್ಚುವುದು ಬೇಡವೆಂದವಳು ನನ್ನಾಕೆ.

ತೆಂಕಲಿಗೆ ದೂರದಲ್ಲಿ ಅಂಜದೀವ. ಗೋವೆಗೆ ಸೇರಿದ ಆ ದ್ವೀಪ ಈಗ ನೌಕಾಪಡೆಯ ವಶದಲ್ಲಿದೆ, ದೂರದಿಂದಲೇ ನೋಡಬೇಕು. ಅದರ ಕಥೆಯನ್ನು ಆಕೆಗೆ ಹೇಳಿದೆ. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಅದನ್ನು ಬಿಟ್ಟುಕೊಡಲಿಲ್ಲ. ಅವರು ಅಂಜದೀವದಲ್ಲಿ ಕಾದು ಕುಳಿತರು. ಕಾಯುತ್ತಲೇ ಬಹುಪಾಲು ಜನ ರೋಗದಿಂದ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಅಲ್ಲಿಯೇ ತೀರಿಕೊಂಡನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಾವೂ ಹಾಂಗ ಕಾಯಾಕ ಹತ್ತೀವಲ್ಲರೀ?”

ಯಾವ ಮಾತೆಂದು ನನಗೆ ತಿಳಿಯಿತು. ಸವದತ್ತಿಯ ಮನೆಯನ್ನು ಮಾರಿ ಬೆಂಗಳೂರಿಗೆ ಬಂದುಬಿಡಿರೆಂದು ಮಗ ಎರಡು ವರ್ಷದಿಂದ ಹೇಳುತ್ತಿದ್ದನು. ನಾನು ಹೂಂ ಎಂದರೆ ಆಕೆಗೆ ನೋವು, ಊಹೂಂ ಎಂದರೆ ಮಗನಿಗೆ. ಮನೆಯೊಳಗೆ ಆ ಮಾತು ಬಂದಾಗಲೆಲ್ಲ ಒಬ್ಬರು ಅಡಿಗೆಮನೆಗೆ, ಮತ್ತೊಬ್ಬರು ಪತ್ರಿಕೆಯೊಳಗೆ ಸರಿಯುವುದು ರೂಢಿಯಾಗಿತ್ತು. ಅಂಗೈಯಗಲದ ದೋಣಿಯಲ್ಲಿ ಸರಿಯಲು ಜಾಗವೆಲ್ಲಿ?

“ನಿನಗೇನು ಅನಸತದ?” ಎಂದೆ.

“ಭಾರತ ಹುಣ್ಣಿಮಿಗೆ ಗುಡ್ಡಕ್ಕ ಬರೋ ಬೀಗರು ಬಿಜ್ಜರು ನಮ್ಮ ಮನಿಯೊಳಗ ಇಳೀತಾರ. ಆ ಬಾಗಿಲಾ ಹಾಕೂದು ಬ್ಯಾಡ. ಹುಣ್ಣಿಮಿ ಮುಗಿಸಿ ಮಗನ ಕಡೆ ಹೋಗೂಣು, ಶ್ರಾವಣಕ್ಕ ತಿರುಗಿ ಬರೂಣು. ಗಾಳೀನ ಎರಡೂ ಕಡೆ ಬೀಸತದ. ನಾವ್ಯಾಕ ಒಂದ ಕಡೆ ಕೂಡಬೇಕು?”

ನಾನು ಖರ್ಚಿನ ಲೆಕ್ಕ ತೆಗೆದೆ, ಮನೆ ಕಾಯುವವರಾರೆಂದೆ. ಅದಕ್ಕೂ ಆಕೆ ಉತ್ತರ ಸಿದ್ಧಪಡಿಸಿಕೊಂಡಿದ್ದಳು: ಹಿಂದಿನ ಎರಡು ಕೋಣೆಗಳನ್ನು ಶಾಲೆಯ ಮಾಸ್ತರರೊಬ್ಬರಿಗೆ ಬಾಡಿಗೆಗೆ ಕೊಡುವುದು. ಎಂದಿನಿಂದ ಯೋಚಿಸಿದ್ದಳೋ! ಗಂಟೆ ಕಳೆಯುವಷ್ಟರಲ್ಲಿ ಪಡುವಣದಿಂದ ನೀರಿನ ಮೇಲೆ ಕಪ್ಪು ಗೆರೆಯೊಂದು ಹರಿದು ಬಂದಿತು. ಹಾಯಿ ಉಬ್ಬಿತು. ದೇವಗಡಕ್ಕೆ ಹೋಗಿ ತಿರುಗಲು ಹೊತ್ತು ಸಾಲದೆಂದು ತಾಂಡೇಲ ಚುಕ್ಕಾಣಿ ತಿರುಗಿಸಿದನು. ನಮ್ಮಿಬ್ಬರಲ್ಲಿ ಯಾರೂ ತಕರಾರು ಮಾಡಲಿಲ್ಲ. ಸಂಜೆಯೇ ಮಗನಿಗೆ ಫೋನು ಮಾಡಿ ಆಕೆಯೇ ವಿಷಯ ತಿಳಿಸಿದಳು. ಕೋಣೆಗಳು ಈಗ ಬಾಡಿಗೆಗೆ ಹೋಗಿವೆ.

ಓದುಗರಲ್ಲಿ ಹಿರಿಯರು ಯಾರಾದರೂ ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಜಾತ್ರೆಯ ನೂಕುನುಗ್ಗಲಿನ ದಿನ ಬೇಡ. ಜೀವರಕ್ಷಕ ಅಂಗಿಯಿಲ್ಲದ ದೋಣಿ ಹತ್ತಬೇಡಿರಿ. ತಲೆಗೆ ಬಟ್ಟೆ, ಕುಡಿಯಲು ನೀರು, ನಿತ್ಯದ ಔಷಧಿ ಜೊತೆಗಿರಲಿ. ನಡುಹಗಲಿಗೆ ಗಾಳಿ ನಿಂತರೆ, ತಾಂಡೇಲ ಅವಸರವಿಲ್ಲವೆಂದರೆ, ಎಂಜಿನ್ ಹಚ್ಚಿಸದೆ ಕುಳಿತಿರಿ. ಮನೆಯಲ್ಲಿ ಆಡದೆ ಉಳಿದ ಮಾತು ಯಾವುದಾದರೂ ಇದ್ದೀತು.