ಕೇಳದೆ ಒಯ್ಯುವುದು ಸೌಲಭ್ಯವಲ್ಲ

2024ರ ನವೆಂಬರ್‌ನಲ್ಲಿ ಜಾಲತಾಣಗಳಲ್ಲಿ ಗುಲ್ಲೆದ್ದಿತು: ವರ್ಡ್, ಎಕ್ಸೆಲ್‌ನಲ್ಲಿ ನಾವು ಬರೆದದ್ದನ್ನೆಲ್ಲ ಮೈಕ್ರೋಸಾಫ್ಟ್ ತನ್ನ ಎಐಗೆ ಉಣಿಸುತ್ತಿದೆ ಎಂದು. ಕಂಪನಿ ಸಾರಾಸಗಟಾಗಿ ಅಲ್ಲಗಳೆಯಿತು. ಅದರ ಮಾತನ್ನು ನಂಬೋಣ. ಆದರೆ ಕೇಳಬೇಕಿದ್ದ ಪ್ರಶ್ನೆ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಎಐಗೆ ಉಣಿಸಲಿ, ಬಿಡಲಿ, ನನ್ನ ಕಂಪ್ಯೂಟರಿನಲ್ಲಿ ಬರೆದದ್ದನ್ನು ಹೊರಗೆ ಕಳಿಸುವ ವ್ಯವಸ್ಥೆ ಮೊದಲೇ ಚಾಲೂ ಆಗಿರುವುದೇಕೆ?

‘ಕನೆಕ್ಟೆಡ್ ಎಕ್ಸ್‌ಪೀರಿಯನ್ಸಸ್’ ಎಂಬ ನಯವಾದ ಹೆಸರಿನ ಹಿಂದಿರುವುದು ಇದೇ. ಅನುವಾದ, ಧ್ವನಿ ಟೈಪಿಂಗ್, ವಿನ್ಯಾಸದ ಸಲಹೆ ಇವೆಲ್ಲ ನಡೆಯುವುದು ಕಂಪನಿಯ ಸರ್ವರಿನಲ್ಲಿ. ಟೈಪಿಂಗ್ ಬಾರದವರಿಗೆ ಧ್ವನಿ ಟೈಪಿಂಗ್ ವರವೇ ಸರಿ, ಅದು ಬೇಡವೆಂದು ನಾನೂ ಹೇಳಲಾರೆ. ಆದರೆ ವಕೀಲರ ಗುಮಾಸ್ತ ಕಕ್ಷಿದಾರನ ಕೌಟುಂಬಿಕ ಜಗಳವನ್ನು ಮೈಕಿನಲ್ಲಿ ಓದಿ ಬರೆಸುವಾಗ ಆ ಮಾತು ಕಚೇರಿಯ ಗೋಡೆ ದಾಟುತ್ತದೆಂಬುದು ಅವನಿಗೆ ಗೊತ್ತಿರಬೇಡವೇ?

ಇದು ಬರೀ ಅನುಮಾನವಲ್ಲ. 2018ರಲ್ಲಿ ನೆದರ್ಲೆಂಡ್ಸ್‌ನ ನ್ಯಾಯ ಸಚಿವಾಲಯ ಆಫೀಸ್ ತಂತ್ರಾಂಶವನ್ನು ತಪಾಸಣೆ ಮಾಡಿಸಿತು. ಬಳಕೆಯ ಕುರಿತು 23ರಿಂದ 25 ಸಾವಿರ ಬಗೆಯ ವಿವರಗಳು ಕಂಪನಿಗೆ ಹೋಗುತ್ತಿದ್ದವು. ಇಮೇಲಿನ ವಿಷಯದ ಸಾಲು, ಕಾಗುಣಿತ ತಿದ್ದಲು ಕೊಟ್ಟ ವಾಕ್ಯ ಕೂಡ ಅದರಲ್ಲಿ ಸೇರಿಕೊಳ್ಳಬಹುದಿತ್ತು. ಅದನ್ನು ನಿಲ್ಲಿಸಲು ಬಳಕೆದಾರರಿಗೆ ದಾರಿಯೇ ಇರಲಿಲ್ಲ. ಡಚ್ ಸರ್ಕಾರ ಪಟ್ಟು ಹಿಡಿದ ಮೇಲೆ, 2019ರಲ್ಲಿ, ಆಯ್ಕೆಗಳು ಬಂದವು. ಕೊಡಲು ಆಗದ್ದೇನಲ್ಲ, ಕೇಳುವವರು ಗಟ್ಟಿಯಾಗಿ ಕೇಳಿರಲಿಲ್ಲ.

ಅಷ್ಟಕ್ಕೇ ಪಾಠ ಕಲಿತರೇ? ವಿಂಡೋಸ್‌ನ ವರ್ಡ್‌ನಲ್ಲಿ ಹೊಸ ಕಡತಗಳು ತಾವಾಗಿಯೇ ಕ್ಲೌಡ್‌ನಲ್ಲಿ ಉಳಿಯುತ್ತವೆ ಎಂದು 2025ರಲ್ಲಿ ಕಂಪನಿ ಪ್ರಕಟಿಸಿತು. ಕಡತ ಕಳೆದುಹೋಗದು, ಎಲ್ಲಿಂದಲಾದರೂ ತೆರೆಯಬಹುದು ಎಂಬುದು ಸಮರ್ಥನೆ. ಒಳ್ಳೆಯದೇ. ಹಾಗಿದ್ದರೆ ಮೊದಲು ಕೇಳಿ, ಆಮೇಲೆ ಒಯ್ಯಿರಿ.

ಸ್ವದೇಶಿ ತಂತ್ರಾಂಶ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಸಿಬ್ಬಂದಿಗೆ ಜೋಹೊ ಎಂಬ ದೇಶಿ ತಂತ್ರಾಂಶ ಬಳಸುವಂತೆ ಸೂಚಿಸಿದ್ದೂ ಆಯಿತು. ಡೇಟಾ ಯಾವ ದೇಶದ ಕಾನೂನಿಗೆ ಒಳಪಡಬೇಕೆಂಬ ಪ್ರಶ್ನೆಗೆ ಅದು ಉತ್ತರವಾಗಬಹುದು. ಆದರೆ ಬೀಗ ನಮ್ಮೂರಿನದಾದ ಮಾತ್ರಕ್ಕೆ ಕೀಲಿಕೈ ನನ್ನ ಜೇಬಿಗೆ ಬರುವುದಿಲ್ಲ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಮ್ಮತಿ ಎಂದರೆ ವ್ಯಕ್ತಿ ತಿಳಿದು, ಸ್ಪಷ್ಟವಾಗಿ ಕೊಡುವ ಒಪ್ಪಿಗೆ. ಮೊದಲೇ ಒತ್ತಿಟ್ಟ ಸ್ವಿಚ್ಚು ಆ ಅರ್ಥದಲ್ಲಿ ಸಮ್ಮತಿಯಾಗುವುದು ಹೇಗೆ? ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದರೂ ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ರಾಜ್ಯ ಸರ್ಕಾರ ಅಲ್ಲಿಯವರೆಗೆ ಕಾಯಬೇಕಿಲ್ಲ. ಇಂಥ ಸೌಲಭ್ಯಗಳು ಬಂದ್ ಆಗಿಯೇ ಬರಬೇಕೆಂದು ತಂತ್ರಾಂಶ ಖರೀದಿಯ ಟೆಂಡರಿನಲ್ಲೇ ಷರತ್ತು ಹಾಕಲಿ. ನೀವೂ ಇವತ್ತೇ ವರ್ಡ್ ತೆರೆದು, ಫೈಲ್, ಅಕೌಂಟ್, ಅಕೌಂಟ್ ಪ್ರೈವಸಿಗೆ ಹೋಗಿ, ಬೇಡವಾದದ್ದನ್ನು ಬಂದ್ ಮಾಡಿ.