ಗಣಕದ ಹಿತ್ತಿಲ ಕಿಂಡಿಗಳು

ಇಂದಿನ ಲ್ಯಾಪ್‌ಟಾಪ್ ಒಂದರ ಅಂಚನ್ನು ನೋಡಿ. ಉಗುರಿನಗಲದ ಒಂದೆರಡು ರಂಧ್ರಗಳಿದ್ದರೆ ಹೆಚ್ಚು. ವಿದ್ಯುತ್ತು ಒಳಹೋಗುವುದೂ ಅಲ್ಲಿಂದಲೇ, ಚಿತ್ರ ಹೊರಬರುವುದೂ ಅಲ್ಲಿಂದಲೇ. 1980ರ ದಶಕದ ಮನೆಗಣಕದ ಬೆನ್ನು ಹೀಗಿರಲಿಲ್ಲ. ಅದು ಹಳೆಯ ತೊಟ್ಟಿಮನೆಯ ಹಾಗೆ. ತಲೆಬಾಗಿಲು ಬೇರೆ, ಹಿತ್ತಿಲ ಬಾಗಿಲು ಬೇರೆ, ಕೊಟ್ಟಿಗೆಯ ದಿಡ್ಡಿ ಬೇರೆ, ಹೊಗೆ ಹೋಗಲು ಗವಾಕ್ಷಿ ಬೇರೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಕರೆಯುವ ಆ ಕಿಂಡಿಗಳನ್ನು ನೆನೆದು ಹಲುಬುವವರ ಒಂದು ಪಂಗಡವೇ ಜಗತ್ತಿನಲ್ಲಿದೆ. ಹಳೇ ಪ್ಲಗ್ಗಿನ ಮೇಲೆ ಇದೆಂಥ ವ್ಯಾಮೋಹ ಎಂದು ನಗುವ ಮೊದಲು ಅಂಥ ಒಂದು ಯಂತ್ರದ ಕಥೆಯನ್ನು ಕೇಳಬೇಕು.

ಅದರ ಹೆಸರು ಬಿಬಿಸಿ ಮೈಕ್ರೋ. ಬ್ರಿಟನ್ನಿನ ಜನರಿಗೆ ಟಿವಿಯ ಮೂಲಕ ಗಣಕವಿದ್ಯೆ ಕಲಿಸಲು ಹೊರಟ ಬಿಬಿಸಿ, ಪಾಠದ ಜೊತೆಗೆ ಒಂದು ಯಂತ್ರವೂ ಬೇಕೆಂದಾಗ ಕೇಂಬ್ರಿಜ್‌ನ ಏಕಾರ್ನ್ ಎಂಬ ಪುಟ್ಟ ಕಂಪನಿ ಅದನ್ನು ಮಾಡಿಕೊಟ್ಟಿತು. 1981ರ ಡಿಸೆಂಬರ್‌ನಲ್ಲಿ ಹೊರಬಂದ ಈ ಕೆನೆಬಣ್ಣದ ಪೆಟ್ಟಿಗೆಯ 'ಬಿ' ಮಾದರಿಯಲ್ಲಿ ಇದ್ದ ಸ್ಮರಣಶಕ್ತಿ ಬರೇ 32 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ನಮ್ಮ ದೇಶಕ್ಕೂ ಅದು ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಲ್ಲಿ ಗಣಕ ಶಿಕ್ಷಣ ಆರಂಭಿಸಿದಾಗ ಮಕ್ಕಳ ಮುಂದೆ ಇಟ್ಟದ್ದು ಇದೇ ಬಿಬಿಸಿ ಮೈಕ್ರೋವನ್ನು.

ಬೆನ್ನಿನಲ್ಲಿ ಟಿವಿಗೊಂದು ಕಿಂಡಿ, ಮಾನಿಟರಿಗೆ ಎರಡು, ಟೇಪ್ ರೆಕಾರ್ಡರಿಗೆ ಏಳು ಪಿನ್ನಿನ ದುಂಡನೆಯದೊಂದು. ಬರೆದ ಪ್ರೋಗ್ರಾಮು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಸ್ವರವಾಗಿ ಉಳಿಯುತ್ತಿತ್ತು. ಸೊನ್ನೆಗೆ 1200 ಹರ್ಟ್ಸ್, ಒಂದಕ್ಕೆ 2400 ಹರ್ಟ್ಸ್. ಸೆಕೆಂಡಿಗೆ ನೂರಿಪ್ಪತ್ತು ಅಕ್ಷರ ಸಾಗಿದರೆ ಅದೇ ದೊಡ್ಡದು. ಅದೇ ಕ್ಯಾಸೆಟ್ಟನ್ನು ಹಾಡಿನಂತೆ ಹಾಕಿ ಕೇಳಿದರೆ ಜೀರುಂಡೆಗೆ ಹುಚ್ಚು ಹಿಡಿದಂಥ ಸದ್ದು! ಪಕ್ಕದಲ್ಲಿ ಇನ್ನೊಂದು ಕಿಂಡಿ. ಅದರ ಐದು ಪಿನ್ನುಗಳು ದಾಳದ ಐದು ಚುಕ್ಕೆಯ ಮುಖದಂತೆ ಕೂತಿದ್ದವು. ನೇರವಾಗಿಯೂ ಹೋಗುತ್ತಿತ್ತು, ತಲೆಕೆಳಗಾಗಿಯೂ ಹೋಗುತ್ತಿತ್ತು. ತಲೆಕೆಳಗಾದಾಗ ಕೆಲಸ ಮಾತ್ರ ಆಗುತ್ತಿರಲಿಲ್ಲ. ಹಳೆಯದೆಲ್ಲ ಚಿನ್ನ ಎನ್ನುವವರು ಇದನ್ನೂ ನೆನಪಿಡಬೇಕು.

ನಿಜವಾದ ಸೊಗಸು ಇದ್ದದ್ದು ಇನ್ನೆರಡು ಕಿಂಡಿಗಳಲ್ಲಿ. ಬೆನ್ನಿನಲ್ಲಿದ್ದ ಅನಲಾಗ್ ಕಿಂಡಿ ಹೊರಗಿನ ವೋಲ್ಟೇಜನ್ನು ಅಳೆದು ಸಂಖ್ಯೆಯಾಗಿಸುತ್ತಿತ್ತು. ಬಿಸಿಯೇರಿದಂತೆ ರೋಧ ಇಳಿಯುವ ಥರ್ಮಿಸ್ಟರ್ ಎಂಬ ಅಗ್ಗದ ಬಿಡಿಭಾಗವನ್ನು, ಜೊತೆಗೊಂದು ರೋಧಕವನ್ನು ಅದಕ್ಕೆ ಜೋಡಿಸಬೇಕು. ಥರ್ಮಿಸ್ಟರನ್ನು ಗಾಜಿನ ಕೊಳವೆಯಲ್ಲಿಟ್ಟು ಬಿಸಿನೀರಿನ ಲೋಟಕ್ಕೆ ಇಳಿಬಿಡಬೇಕು. ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ನೀರು ತಣಿಯುವ ರೇಖೆ ತೆರೆಯ ಮೇಲೆ ತಾನಾಗಿ ಮೂಡುತ್ತದೆ, ಮೊದಲು ಕಡಿದಾಗಿ, ಬರಬರುತ್ತ ಸಾವಕಾಶವಾಗಿ. ನ್ಯೂಟನ್ನನ ನಿಯಮವನ್ನು ಕಪ್ಪುಹಲಗೆಯ ಮೇಲೆ ನೂರು ಸಲ ಬರೆದರೂ ಇಷ್ಟು ಮನಸ್ಸಿಗೆ ಹತ್ತುವುದಿಲ್ಲ.

ಇನ್ನೊಂದು, ಪೆಟ್ಟಿಗೆಯ ತಳದಲ್ಲಿದ್ದ ಯೂಸರ್ ಪೋರ್ಟ್. ಎಂಟು ತಂತಿಗಳು, ಅಷ್ಟೆ. 65122ನೇ ವಿಳಾಸದಲ್ಲಿ 255 ಎಂದು ಬರೆದರೆ ಎಂಟೂ ತಂತಿಗಳು ಹೊರಮುಖವಾಗುತ್ತವೆ. 65120ರಲ್ಲಿ 1 ಎಂದು ಬರೆದರೆ ಮೊದಲ ತಂತಿಗೆ ಕಟ್ಟಿದ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಮಗು ಬರೆದ ಅಂಕಿಯೊಂದು ತೆರೆಯಿಂದಾಚೆ ಬಂದು ಬೆಳಕಾಗುವ ಈ ಕ್ಷಣ ಇಂದಿನ ನುಣುಪು ಯಂತ್ರಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಯುಎಸ್‌ಬಿ ಕಿಂಡಿಯ ತಂತಿಗೆ ನೇರವಾಗಿ ದೀಪ ಕಟ್ಟಿ ಹೀಗೆ ಆಡಿಸಲಾಗದು. ನಡುವೆ ಅದರ ಭಾಷೆ ಬಲ್ಲ ಇನ್ನೊಂದು ಚಿಪ್ ಬೇಕು. ಹಾಗೆಂದು ನಮ್ಮ ಮಕ್ಕಳೆಲ್ಲ ಆಗ ದೀಪ ಹೊತ್ತಿಸಿದರೆಂದು ತಿಳಿಯಬೇಡಿ. ಶಾಲೆಯ ಬೆಲೆಬಾಳುವ ಯಂತ್ರವನ್ನು ಮಗುಚಿ ತಳ ನೋಡುವ ಧೈರ್ಯ ಯಾವ ವಿದ್ಯಾರ್ಥಿಗೆ ತಾನೆ ಇದ್ದೀತು!

ತಳದಲ್ಲೇ 'ಟ್ಯೂಬ್' ಎಂಬ ಮತ್ತೊಂದು ಕಿಂಡಿ ಇತ್ತು. ಮುಂದೆಂದಾದರೂ ಇನ್ನೂ ಚುರುಕಾದ ಮಿದುಳು ಸಿಕ್ಕರೆ ಹೊರಗಿನಿಂದ ಜೋಡಿಸಲು ಇರಲಿ ಎಂದು ಬಿಟ್ಟ ಜಾಗ ಅದು. ಆ ಮಿದುಳನ್ನು ಕೊನೆಗೆ ಏಕಾರ್ನ್‌ನವರೇ ತಯಾರಿಸಿದರು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಹೊಸ ಚಿಪ್ 1985ರ ಏಪ್ರಿಲ್ 26ರಂದು ಕಾರ್ಖಾನೆಯಿಂದ ಬಂತು. ಅದನ್ನು ಪರೀಕ್ಷಿಸಲು ಬೇರೆ ಗಣಕ ಕಟ್ಟಬೇಕಾಗಲಿಲ್ಲ. ಬಿಬಿಸಿ ಮೈಕ್ರೋದ ಟ್ಯೂಬಿಗೆ ಜೋಡಿಸಿದರಾಯಿತು. ಕೀಲಿಮಣೆ, ತೆರೆ ಹಳೆಯದರದು, ಲೆಕ್ಕ ಹೊಸದರದು. ಚಿಪ್ ಸೊಗಸಾಗಿ ಕೆಲಸ ಮಾಡಿತು. ಎಷ್ಟು ವಿದ್ಯುತ್ ನುಂಗುತ್ತದೆಂದು ಫರ್ಬರ್ ಅಳೆಯಹೋದರೆ ಮೀಟರ್ ತೋರಿಸಿದ್ದು ಸೊನ್ನೆ. ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ! ಸಂಜ್ಞೆಯ ತಂತಿಗಳಿಂದ ಸೋರಿ ಬಂದ ಚೂರುಪಾರು ವಿದ್ಯುತ್ತಿನಲ್ಲೇ ಅದು ನಡೆಯುತ್ತಿತ್ತು. ಆ ಚಿಪ್ಪಿನ ಹೆಸರು ಆರ್ಮ್. ನಿಮ್ಮ ಕಿಸೆಯ ಮೊಬೈಲಿನಲ್ಲಿರುವುದು ಬಹುಮಟ್ಟಿಗೆ ಅದರದೇ ಸಂತತಿ.

ಕಿಂಡಿ ಮುಚ್ಚಿದರೆ ಆಗುವ ನಷ್ಟಕ್ಕೂ ಇದೇ ಕುಟುಂಬದಲ್ಲಿ ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ನಡೆದ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದ 900ನೇ ವರ್ಷಕ್ಕೆ, 1986ರಲ್ಲಿ ಬಿಬಿಸಿ ಶಾಲಾಮಕ್ಕಳಿಂದ ಊರೂರಿನ ಹೊಸ ವಿವರ ಬರೆಸಿತು. ಅದನ್ನು ತಟ್ಟೆಯಗಲದ ಲೇಸರ್ ಡಿಸ್ಕುಗಳಲ್ಲಿ ತುಂಬಿಸಿ, ಬಿಬಿಸಿ ಮೈಕ್ರೋದ ತಮ್ಮನಾದ 'ಮಾಸ್ಟರ್' ಗಣಕದಲ್ಲಿ ಓದುವಂತೆ ಮಾಡಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯದವರು ಹಳೆಯ ಗಣಕದ ವೇಷವನ್ನು ಹೊಸ ಗಣಕಕ್ಕೆ ತೊಡಿಸಿ ಅದನ್ನು ಓದಿಸಬೇಕಾಯಿತು. 1086ರ ಚರ್ಮದ ಹಾಳೆಗಳನ್ನಾದರೋ ಲ್ಯಾಟಿನ್ ಬಲ್ಲ ಯಾರೂ ಈಗಲೂ ಓದಬಹುದು.

ಟ್ಯೂಬ್ ಕಿಂಡಿ ಮಾತ್ರ ಇನ್ನೂ ಪೂರ್ತಿ ಮುಚ್ಚಿಲ್ಲ. ಹವ್ಯಾಸಿಗಳು ಇಂದು ಅದಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಸಿಕ್ಕಿಸುತ್ತಾರೆ. ಅದರೊಳಗಿನದೂ ಆರ್ಮ್ ಚಿಪ್ಪೇ. ಮೊಮ್ಮಗ ಅಜ್ಜನ ಮನೆಯ ಹಿತ್ತಿಲಿಂದ ಒಳಬಂದ ಹಾಗೆ.

ಎಲ್ಲಿಯಾದರೂ ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಕಂಡರೆ ತಕ್ಷಣ ಸ್ವಿಚ್ ಹಾಕಬೇಡಿ. ಪವರ್ ಸಪ್ಲೈ ಒಳಗಿನ ಹಳೆಯ ಕೆಪಾಸಿಟರುಗಳು ಬಿರುಕು ಬಿಟ್ಟು ತೇವ ಹೀರಿರುತ್ತವೆ, ಕರೆಂಟು ಹರಿದರೆ ಪಟಾರನೆ ಸಿಡಿದು ಕೋಣೆ ತುಂಬ ಹೊಗೆ ಎಬ್ಬಿಸುತ್ತವೆ. ರೇಡಿಯೋ ರಿಪೇರಿ ಬಲ್ಲವರಿಂದ ಅವನ್ನು ಬದಲಾಯಿಸಿಕೊಂಡು ಆಮೇಲೆ ಹಾಕಿ. ಎಲ್ಲ ಸರಿಯಿದ್ದರೆ ಮೊದಲು ಒಂದು ತಗ್ಗುದನಿ, ಹಿಂದೆಯೇ ಒಂದು ಚಿಕ್ಕ ಎತ್ತರದ ಬೀಪ್ ಕೇಳುತ್ತದೆ.